ಹಾಡು ಮುಗಿಯಿತೆಂದು ಹೇಳುವವರು ಯಾರು?

ಪ್ರಶ್ನೆ: ನನ್ನ ತಂಗಿಗೆ ಈಗ 28 ವರ್ಷ. ಎರಡು ವರ್ಷಗಳ ಹಿಂದೆ ಪೂರ್ಣಾವಧಿ ಕೆಲಸವನ್ನು ಅರೆಕಾಲಿಕಕ್ಕೆ ಇಳಿಸಿಕೊಂಡಳು. ಅಂದಿನಿಂದ ತಾನೇ ಹಾಡು ಬರೆದು, ತಾನೇ ರಾಗ ಹಾಕಿ, ತಾನೇ ಹಾಡಿ ಬಿಡುಗಡೆ ಮಾಡುತ್ತಿದ್ದಾಳೆ. ಕಳೆದ ವರ್ಷ ಒಂದು ಸಂಗೀತ ಕಂಪನಿಯವರು ಒಪ್ಪಂದಕ್ಕೆ ಕರೆದಾಗ ಒಲ್ಲೆ ಎಂದಳು. ಅವಳ ಹಾಡು ಕೇಳುವವರು ಕೆಲವು ನೂರು ಜನ ಮಾತ್ರ. ಒಂದು ಹಾಡಿಗೆ ನಾಲ್ಕೈದು ತಿಂಗಳು ತೆಗೆದುಕೊಳ್ಳುತ್ತಾಳೆ. ಅವಳು ಸುಖವಾಗಿದ್ದಾಳೋ ಇಲ್ಲವೋ ಎಂಬುದೇ ನನಗೆ ತಿಳಿಯುವುದಿಲ್ಲ. ಇಂಥವರನ್ನು ಮುನ್ನಡೆಸುವುದು ಏನು? ಇವರ ಜೀವನ ಸಾಗುವುದು ಹೇಗೆ? ಅಣ್ಣನಾಗಿ ನಾನು ಅವಳಿಗೆ ಏನು ಹೇಳಬೇಕು?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಎರಡು ಸಲವೂ ನನ್ನ ಕಣ್ಣು ನಿಂತದ್ದು ‘ಒಂದು ಹಾಡಿಗೆ ನಾಲ್ಕೈದು ತಿಂಗಳು’ ಎಂಬ ಮಾತಿನ ಮೇಲೆ. ನಾನು ಸುಮಾರು ಇಪ್ಪತ್ತು ವರ್ಷಗಳಿಂದ ಧ್ವನಿಮುದ್ರಣದ ಕೆಲಸದಲ್ಲಿದ್ದೇನೆ. ಹಾಡು ಕಟ್ಟುವುದನ್ನು ಕಲಿಯಬಯಸುವವರಿಗೆ ಪಾಠವನ್ನೂ ಹೇಳುತ್ತೇನೆ. ತಮ್ಮ ಹಾಡನ್ನು ತಾವೇ ಬರೆದು ಹಾಡುವ ಅನೇಕರನ್ನು ಸ್ಟುಡಿಯೊದ ಗಾಜಿನ ಈಚೆ ಕುಳಿತು ಗಂಟೆಗಟ್ಟಲೆ ನೋಡಿದ್ದೇನೆ. ಅವರಲ್ಲಿ ಕೆಲವರಿಗೆ ಹೆಸರು ಬಂದಿದೆ, ಬಹಳ ಮಂದಿಗೆ ಬಂದಿಲ್ಲ, ಒಂದಷ್ಟು ಜನ ಬಿಟ್ಟುಹೋಗಿದ್ದಾರೆ. ಇವರೆಲ್ಲರನ್ನೂ ನೋಡಿದ ಮೇಲೆ ನನಗೆ ಮನವರಿಕೆಯಾಗಿರುವ ಸಂಗತಿ ಒಂದು: ಸ್ವತಂತ್ರ ಗಾಯಕರು ಇಷ್ಟೆಲ್ಲ ಹೆಣಗುವುದು ‘ಈ ಹಾಡು ಮುಗಿಯಿತು’ ಎಂದು ಹೇಳುವ ಹಕ್ಕನ್ನು ತಮ್ಮಲ್ಲೇ ಉಳಿಸಿಕೊಳ್ಳುವುದಕ್ಕಾಗಿ. ಅವರ ಸಂತೋಷ, ಅವರ ಹಣದ ಅಡಚಣೆ, ಕಂಪನಿಗೆ ಒಲ್ಲೆ ಎನ್ನುವ ಹಟ, ತಿಂಗಳುಗಟ್ಟಲೆ ಹಿಡಿಯುವ ಕೆಲಸ ಎಲ್ಲವೂ ಆ ಒಂದು ಹಕ್ಕಿಗೆ ತಗುಲಿಕೊಂಡಿವೆ. ನಿಮ್ಮ ಮೂರೂ ಪ್ರಶ್ನೆಗಳಿಗೆ ಅಲ್ಲಿಂದಲೇ ಉತ್ತರ ಹೇಳಲು ಪ್ರಯತ್ನಿಸುತ್ತೇನೆ.

ಮಾತನ್ನೂ ರಾಗವನ್ನೂ ಒಬ್ಬರೇ ಕಟ್ಟುವವರಿಗೆ ನಮ್ಮಲ್ಲಿ ಹಳೆಯದೊಂದು ಸೊಗಸಾದ ಹೆಸರಿದೆ: ವಾಗ್ಗೇಯಕಾರ. 13ನೆಯ ಶತಮಾನದ ಶಾರ್ಙ್ಗದೇವ ‘ಸಂಗೀತರತ್ನಾಕರ’ದಲ್ಲಿ ಹಾಡಿನ ಸಾಹಿತ್ಯವನ್ನು ‘ಮಾತು’ ಎಂದೂ ಸ್ವರದ ಅಂಶವನ್ನು ‘ಧಾತು’ ಎಂದೂ ಕರೆದು, ಎರಡನ್ನೂ ರಚಿಸುವವನೇ ವಾಗ್ಗೇಯಕಾರ ಎಂದಿದ್ದಾನೆ. ಸಂಸ್ಕೃತದ ಆ ಪಾರಿಭಾಷಿಕ ಪದ ನಮ್ಮ ಕನ್ನಡದ ‘ಮಾತಿ’ನೊಡನೆ ಇಷ್ಟು ಸರಿಯಾಗಿ ಕೂಡಿಬಂದಿರುವುದು ನನಗೆ ಇಂದಿಗೂ ಖುಷಿ ಕೊಡುತ್ತದೆ. ಬರೆಯುವವರು ಒಬ್ಬರು, ರಾಗ ಹಾಕುವವರು ಇನ್ನೊಬ್ಬರು ಆದಾಗ ಇಬ್ಬರ ನಡುವೆ ಮಾತುಕತೆ ನಡೆಯುತ್ತದೆ. ಒಬ್ಬರು ಒಂದು ಪದ ಬಿಟ್ಟುಕೊಡುತ್ತಾರೆ, ಇನ್ನೊಬ್ಬರು ಒಂದು ಸ್ವರ ಬಿಟ್ಟುಕೊಡುತ್ತಾರೆ, ಸಂಜೆಯ ಹೊತ್ತಿಗೆ ಹಾಡು ಸಿದ್ಧವಾಗುತ್ತದೆ. ಎರಡೂ ಒಬ್ಬರ ತಲೆಯಲ್ಲೇ ಇದ್ದಾಗ ಆ ಜಗಳವನ್ನು ಬಗೆಹರಿಸಲು ಎದುರಿಗೆ ಯಾರೂ ಇರುವುದಿಲ್ಲ. ನಿಮ್ಮ ತಂಗಿಯ ನಾಲ್ಕೈದು ತಿಂಗಳು ಹೋಗುವುದು ಬಹುಮಟ್ಟಿಗೆ ಅಲ್ಲಿಯೇ ಎಂದು ನಾನು ಊಹಿಸಬಲ್ಲೆ.

ಕಣ್ಣಾರೆ ಕಂಡ ಒಂದು ದಿನದ ಕೆಲಸವನ್ನು ಹೇಳುತ್ತೇನೆ. ತಾಯಿಯನ್ನು ಕಳೆದುಕೊಂಡಿದ್ದ ಒಬ್ಬ ಗಾಯಕಿ ಧ್ವನಿಮುದ್ರಣಕ್ಕೆ ಬಂದಿದ್ದರು. ಅವರ ಪಲ್ಲವಿಯಲ್ಲಿ ‘ನಿನ್ನ ಮಡಿಲ ನೆನಪು’ ಎಂಬ ಸಾಲು ಇತ್ತು. ರಾಗ ಬಹಳ ಚೆನ್ನಾಗಿತ್ತು. ಆದರೆ ಅದರಲ್ಲಿ ಉದ್ದವಾಗಿ ನಿಲ್ಲುವ ಸ್ವರ ಸರಿಯಾಗಿ ‘ಮಡಿಲ’ ಎಂಬ ಪದದ ಮೊದಲ ಅಕ್ಷರದ ಮೇಲೆ ಬೀಳುತ್ತಿತ್ತು. ಕನ್ನಡದಲ್ಲಿ ಹ್ರಸ್ವವನ್ನು ನಾಲ್ಕು ಎಣಿಕೆಯಷ್ಟು ಎಳೆದರೆ ಅದು ದೀರ್ಘವೇ ಆಗಿಬಿಡುತ್ತದೆ, ದೀರ್ಘವಾದ ಕೂಡಲೇ ಪದವೇ ಬದಲಾಗುತ್ತದೆ. ಅವರು ಹಾಡಿದಾಗ ‘ಮಡಿಲ’ ಹೋಗಿ ‘ಮಾಡಿಲ’ ಆಯಿತು. ಕಿವಿಗೆ ಅದು ‘ಮಾಡಿಲ್ಲ’ ಎಂಬಂತೆ ಕೇಳುತ್ತಿತ್ತು. ತಾಯಿಯ ಹಾಡಿನಲ್ಲಿ ಏನನ್ನೋ ಮಾಡಿಲ್ಲ ಎಂಬ ಆಕ್ಷೇಪಣೆ ನುಸುಳಿಕೊಂಡಂತಾಯಿತು. ನಾನು ‘ತೋಳ’ ಎಂದು ಬದಲಿಸಿ ನೋಡಿ ಎಂದೆ. ಮಾತ್ರೆಯ ಲೆಕ್ಕ ಸರಿಯಾಗಿಯೇ ಇತ್ತು: ‘ಮಡಿಲ’ದಲ್ಲಿ ಮೂರು ಲಘು, ‘ತೋಳ’ದಲ್ಲಿ ಒಂದು ಗುರು ಮತ್ತು ಒಂದು ಲಘು, ಎರಡೂ ಮೂರು ಮಾತ್ರೆಯೇ. ‘ತೋ’ ಎಂಬ ದೀರ್ಘಾಕ್ಷರ ಆ ಉದ್ದನೆಯ ಸ್ವರಕ್ಕೆ ಹೇಳಿ ಮಾಡಿಸಿದಂತೆ ಕೂರುತ್ತಿತ್ತು. ಅವರು ಎರಡು ಸಲ ಹಾಡಿದರು, ಮುದ್ರಿಸಿದ್ದನ್ನು ಕೇಳಿದರು, ತಲೆ ಅಲ್ಲಾಡಿಸಿದರು. “ತೋಳಲ್ಲಿ ಎತ್ತಿಕೊಂಡವರು ಬಹಳ ಜನ ಇದ್ದರು ಸರ್, ಮಡಿಲು ಒಬ್ಬರದೇ” ಎಂದರು. ಮೂರು ಗಂಟೆ ಆ ಒಂದೇ ಸಾಲಿನ ಮುಂದೆ ಕುಳಿತು, ಇಡೀ ದಿನದ ಸ್ಟುಡಿಯೊ ಬಾಡಿಗೆ ಕೊಟ್ಟು, ಏನನ್ನೂ ಮುದ್ರಿಸದೆ ಮನೆಗೆ ಹೋದರು.

ಹನ್ನೊಂದು ದಿನಗಳ ನಂತರ ಮತ್ತೆ ಬಂದಾಗ ಪದ ಹಾಗೆಯೇ ಇತ್ತು, ರಾಗ ಬದಲಾಗಿತ್ತು. ಉದ್ದನೆಯ ಸ್ವರವನ್ನು ಅವರು ಒಂದು ಪದ ಹಿಂದಕ್ಕೆ ಸರಿಸಿ ‘ನಿನ್ನ’ ಎಂಬಲ್ಲಿನ ‘ನ್ನ’ದ ಮೇಲೆ ನಿಲ್ಲಿಸಿದ್ದರು. ಅನುನಾಸಿಕವನ್ನು ಎಷ್ಟು ಹೊತ್ತು ಬೇಕಾದರೂ ಹಿಡಿಯಬಹುದು, ಪದ ಕೆಡುವುದಿಲ್ಲ. ಬಾಯಿ ಅರೆಮುಚ್ಚಿ ಆ ನಾದವನ್ನು ಹಿಡಿದಾಗ ಅದು ತೊಟ್ಟಿಲ ಪಕ್ಕದ ಗುನುಗಿನಂತೆ ಕೇಳಿಸಿತು. ಆಮೇಲೆ ಬಂದ ‘ಮಡಿಲ’ ಪುಟ್ಟದಾಗಿ, ಮಾತನಾಡುವಷ್ಟೇ ಸಹಜವಾಗಿ ಬಂದು ಹೋಯಿತು. ಆ ಹಾಡನ್ನು ಎಷ್ಟು ಜನ ಕೇಳಿದರೋ ನಾನು ವಿಚಾರಿಸಿಲ್ಲ. ಆದರೆ ಆ ದಿನ ಹೆಡ್‌ಫೋನ್ ತೆಗೆದಿಟ್ಟು ಅವರು ಕುರ್ಚಿಗೆ ಒರಗಿ ಕುಳಿತ ರೀತಿ ನನ್ನ ಕಣ್ಣಿಗೆ ಇನ್ನೂ ಕಟ್ಟಿದೆ. ಇವರನ್ನು ಮುನ್ನಡೆಸುವುದು ಏನು ಎಂದು ನೀವು ಕೇಳಿದ್ದೀರಿ. ಆ ಹನ್ನೊಂದು ದಿನಗಳಿಗೆ ಯಾರ ಅಪ್ಪಣೆಯೂ ಬೇಕಿರಲಿಲ್ಲ ಎಂಬುದೇ ನನ್ನ ಮೊದಲ ಉತ್ತರ.

ಹಾಗೆಂದು ಇವರಿಗೆ ಮೆಚ್ಚುಗೆ ಬೇಡ, ಹಣ ಬೇಡ ಎಂದು ತಿಳಿಯಬೇಡಿ. ಎರಡೂ ಬೇಕು, ಬೇಡವೆನ್ನುವ ಗಾಯಕರನ್ನು ನಾನು ಕಂಡಿಲ್ಲ. ಆದರೆ ಒಳಗಿನ ಆಸೆಗೂ ಹೊರಗಿನ ಬಹುಮಾನಕ್ಕೂ ಇರುವ ಸಂಬಂಧ ನಾವು ಅಂದುಕೊಂಡಷ್ಟು ಸರಳವಾಗಿಲ್ಲ. ಮನಶ್ಶಾಸ್ತ್ರಜ್ಞ ಎಡ್ವರ್ಡ್ ಡೆಸಿ 1971ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಒಗಟಿನ ಆಟವನ್ನು ಇಷ್ಟಪಟ್ಟು ಆಡುತ್ತಿದ್ದ ವಿದ್ಯಾರ್ಥಿಗಳಿಗೆ ಹಣ ಕೊಟ್ಟು, ಆಮೇಲೆ ಹಣ ನಿಲ್ಲಿಸಿದಾಗ ಬಿಡುವಿನ ವೇಳೆಯಲ್ಲಿ ಅದನ್ನು ಆಡುವ ಅವರ ಉತ್ಸಾಹವೇ ತಗ್ಗಿತು. 1973ರಲ್ಲಿ ಮಾರ್ಕ್ ಲೆಪ್ಪರ್ ಮತ್ತು ಅವರ ಸಹೋದ್ಯೋಗಿಗಳು ಶಿಶುವಿಹಾರದ ಮಕ್ಕಳಲ್ಲಿ ಇಂಥದ್ದನ್ನೇ ಕಂಡರು: ಚಿತ್ರ ಬರೆದರೆ ಬಹುಮಾನ ಕೊಡುತ್ತೇವೆ ಎಂದು ಮೊದಲೇ ಹೇಳಿಸಿಕೊಂಡ ಮಕ್ಕಳು ಮುಂದೆ ತಾವಾಗಿ ಚಿತ್ರ ಬರೆಯುವುದನ್ನು ಕಡಿಮೆ ಮಾಡಿದರು, ಏನೂ ನಿರೀಕ್ಷಿಸದೆ ಬಹುಮಾನ ಪಡೆದ ಮಕ್ಕಳಲ್ಲಿ ಆ ಕುಗ್ಗುವಿಕೆ ಕಾಣಲಿಲ್ಲ. ಡೆಸಿ ಮುಂದೆ ರಿಚರ್ಡ್ ರಯಾನ್ ಜೊತೆ ಸೇರಿ, ಮನುಷ್ಯನ ಒಳಗಿನ ಪ್ರೇರಣೆ ಉಳಿಯಬೇಕಾದರೆ ಮೂರು ಅಗತ್ಯಗಳು ಈಡೇರಬೇಕು ಎಂದು ವಾದಿಸಿದರು: ತನ್ನ ಕೆಲಸದ ಮೇಲೆ ತನ್ನದೇ ಹಿಡಿತ, ಕೈ ಪಳಗುತ್ತಿದೆ ಎಂಬ ಅನುಭವ, ಇತರರೊಡನೆ ನಂಟು. ಸ್ಟುಡಿಯೊದಲ್ಲಿ ನಾನು ಕಂಡದ್ದಕ್ಕೆ ಈ ಮೂರು ಬಹಳ ಚೆನ್ನಾಗಿ ಹೊಂದುತ್ತವೆ.

ಇದರಲ್ಲಿ ಅಪಾಯದ ಜಾಗವೂ ಇದೆ. ಹಾಡು ಬಿಡುಗಡೆಯಾದ ಬೆಳಗ್ಗೆಯಿಂದ ಎಷ್ಟು ಜನ ಕೇಳಿದರು, ಎಷ್ಟನೆಯ ಸೆಕೆಂಡಿಗೆ ಬಿಟ್ಟುಹೋದರು ಎಂಬುದು ಫೋನಿನಲ್ಲಿ ಕಾಣುತ್ತದೆ. ಹಿಂದೆ ಗಾಯಕರಿಗೆ ಇಷ್ಟು ನಿಖರವಾಗಿ ಯಾರೂ ಇದನ್ನು ಹೇಳುತ್ತಿರಲಿಲ್ಲ. ಮೂವತ್ತನೆಯ ಸೆಕೆಂಡಿಗೆ ಮೊದಲೇ ಪಲ್ಲವಿ ಬರಲಿ ಎಂದು ಆಲಾಪವನ್ನು ಕತ್ತರಿಸುವವರನ್ನು ಈಗ ಪ್ರತಿ ತಿಂಗಳೂ ನೋಡುತ್ತೇನೆ. ಅದು ಹಾಡಿಗೆ ಒಳ್ಳೆಯದಾದರೆ ಕತ್ತರಿಸಲಿ. ಆದರೆ ‘ಮುಗಿಯಿತು’ ಎಂದು ಹೇಳುವ ಹಕ್ಕನ್ನು ಕಂಪನಿಗೆ ಕೊಡದೆ ಉಳಿಸಿಕೊಂಡವರು ಕೊನೆಗೆ ಅದನ್ನು ಕೇಳುಗರ ಸಂಖ್ಯೆ ತೋರಿಸುವ ಗ್ರಾಫಿನ ಒಂದು ಗೆರೆಗೆ ಒಪ್ಪಿಸಿಬಿಡುವುದನ್ನು ಕಂಡಾಗ ನನಗೆ ನಿಜವಾಗಿಯೂ ಸಂಕಟವಾಗುತ್ತದೆ. ನಿಮ್ಮ ತಂಗಿ ದಿನಕ್ಕೆ ಎಷ್ಟು ಸಲ ಆ ಸಂಖ್ಯೆಗಳನ್ನು ನೋಡುತ್ತಾರೆ ಎಂಬುದು ಅವರ ಸುಖದುಃಖದ ಬಗ್ಗೆ ಬಹಳಷ್ಟನ್ನು ಹೇಳುತ್ತದೆ.

ಮುಗಿಸುವ ಹಕ್ಕು ಎಷ್ಟು ಭಾರವಾದದ್ದು ಎಂಬುದಕ್ಕೆ ದೊಡ್ಡವರ ಬದುಕಿನಲ್ಲೇ ಉದಾಹರಣೆಗಳಿವೆ. ಕೆನಡಾದ ಕವಿ-ಗಾಯಕ ಲಿಯೊನಾರ್ಡ್ ಕೊಹೆನ್ 1984ರಲ್ಲಿ ಹೊರತಂದ ‘ಹಲ್ಲೆಲೂಯ’ ಹಾಡಿಗಾಗಿ ವರ್ಷಗಟ್ಟಲೆ ಹತ್ತಾರು ಚರಣಗಳನ್ನು ಬರೆದು ಹೊಡೆದುಹಾಕಿದ್ದರು. ಅಮೆರಿಕದ ರಾಕ್ ಗಾಯಕ ಬ್ರೂಸ್ ಸ್ಪ್ರಿಂಗ್‌ಸ್ಟೀನ್ 1982ರ ಆರಂಭದಲ್ಲಿ, ವಾದ್ಯವೃಂದಕ್ಕೆ ತೋರಿಸಲೆಂದು, ಮನೆಯಲ್ಲಿ ನಾಲ್ಕು ಟ್ರ್ಯಾಕಿನ ಕ್ಯಾಸೆಟ್ ಯಂತ್ರದಲ್ಲಿ ಹಾಡುಗಳನ್ನು ಕಚ್ಚಾ ರೂಪದಲ್ಲಿ ಮುದ್ರಿಸಿಕೊಂಡರು. ಆಮೇಲೆ ದೊಡ್ಡ ಸ್ಟುಡಿಯೊದಲ್ಲಿ ವಾದ್ಯವೃಂದದೊಡನೆ ಅವುಗಳನ್ನು ಎಷ್ಟು ಹಾಡಿದರೂ ಆ ಕ್ಯಾಸೆಟ್ಟಿನಲ್ಲಿದ್ದದ್ದು ಮರಳಿ ಸಿಗಲಿಲ್ಲ. ಕೊನೆಗೆ ಕ್ಯಾಸೆಟ್ಟಿನಲ್ಲಿದ್ದದ್ದೇ ‘ನೆಬ್ರಾಸ್ಕ’ ಎಂಬ ಆಲ್ಬಮ್ ಆಗಿ ಅದೇ ವರ್ಷ ಹೊರಬಂತು. ಅವರು ಸ್ವತಂತ್ರ ಗಾಯಕರಾಗಿರಲಿಲ್ಲ, ದೊಡ್ಡ ಕಂಪನಿಯ ಕಲಾವಿದರು. ಆದರೂ ‘ಇದು ಆಗಲೇ ಮುಗಿದಿದೆ, ಇನ್ನು ಮುಟ್ಟಬೇಡಿ’ ಎಂದು ಹೇಳುವಷ್ಟು ಬಲ ಅವರಿಗೆ ಆ ಹೊತ್ತಿಗೆ ಬಂದಿತ್ತು. ಹೆಸರು ಬರುವ ಮೊದಲೇ ಆ ಬಲ ಬೇಕೆನ್ನುವವರು ಸ್ವತಂತ್ರ ದಾರಿಯನ್ನು ಹಿಡಿಯುತ್ತಾರೆ. 1990ರಲ್ಲಿ, ಇನ್ನೂ ಇಪ್ಪತ್ತರ ಹರೆಯದಲ್ಲೇ, ಸ್ವಂತ ಧ್ವನಿಮುದ್ರಣ ಸಂಸ್ಥೆಯನ್ನು ಹುಟ್ಟುಹಾಕಿ ಹಾಡಿದಲ್ಲೆಲ್ಲ ಕ್ಯಾಸೆಟ್ ಮಾರುತ್ತಾ ಬೆಳೆದ ಆನಿ ಡಿಫ್ರಾಂಕೊ ಈ ದಾರಿಯ ಮೇಲ್ಪಂಕ್ತಿ ಎನ್ನಬಹುದು. ಕಂಪನಿಗಳು ಕರೆದಾಗ ಅವರೂ ಒಲ್ಲೆ ಎಂದವರೇ.

ಈ ಹಕ್ಕಿನ ಜೊತೆಗೆ ಬರುವ ಕೆಲಸದ ಹೊರೆಯನ್ನು ಹೊರಗಿನವರು ಸಾಮಾನ್ಯವಾಗಿ ಕಾಣುವುದಿಲ್ಲ. ಹಾಡು ಬರೆದಾದ ಮೇಲೆ ವಾದ್ಯಗಾರರನ್ನು ಹೊಂದಿಸಬೇಕು, ಮುದ್ರಿಸಬೇಕು, ದನಿಗಳನ್ನು ಹದವಾಗಿ ಬೆರೆಸುವ ಮಿಕ್ಸಿಂಗ್ ಮತ್ತು ಕೊನೆಯ ಹೊಳಪು ಕೊಡುವ ಮಾಸ್ಟರಿಂಗ್ ಮಾಡಿಸಬೇಕು, ಮುಖಪುಟದ ಚಿತ್ರ ಬೇಕು, ಪ್ರತಿ ಮುದ್ರಣಕ್ಕೂ ಅದನ್ನು ಗುರುತಿಸುವ 12 ಅಕ್ಷರ-ಅಂಕಿಗಳ ಐಎಸ್‌ಆರ್‌ಸಿ ಸಂಕೇತ ಬೇಕು, ವಿತರಕರ ಮೂಲಕ ಹಾಡನ್ನು ಆ್ಯಪ್‌ಗಳಿಗೆ ಏರಿಸಬೇಕು, ಕಾರ್ಯಕ್ರಮ ಕೊಡುವ ಜಾಗದವರಿಗೆ ಪತ್ರ ಬರೆಯಬೇಕು, ಉತ್ತರ ಬರದಿದ್ದರೆ ಮತ್ತೆ ಬರೆಯಬೇಕು, ಲೆಕ್ಕ ಇಡಬೇಕು. ಇದರ ನಡುವೆ ಗಂಟಲನ್ನೂ ಕಾಪಾಡಿಕೊಳ್ಳಬೇಕು. ವಾರದ ಕೊನೆಯಲ್ಲಿ ಲೆಕ್ಕ ಹಾಕಿದರೆ ನಿಜವಾಗಿ ಹಾಡು ಕಟ್ಟಲು ಸಿಕ್ಕಿದ್ದು ಐದಾರು ಗಂಟೆ ಎಂದು ನನ್ನ ವಿದ್ಯಾರ್ಥಿಗಳು ಹೇಳುತ್ತಾರೆ. ಆದ್ದರಿಂದ ನಿಮ್ಮ ತಂಗಿಯ ನಾಲ್ಕೈದು ತಿಂಗಳನ್ನು ಪೂರ್ತಿ ನಾಲ್ಕೈದು ತಿಂಗಳೆಂದು ಎಣಿಸಬೇಡಿ. ಅದರಲ್ಲಿ ಹಾಡಿನ ಪಾಲು ಸುಮಾರು ನೂರು ಗಂಟೆ, ಅಷ್ಟೇ.

ಇನ್ನು ಹಣದ ವಿಷಯ. ಬಿಚ್ಚುಮನಸ್ಸಿನಿಂದ ಹೇಳುವುದಾದರೆ, ಕೆಲವು ನೂರು ಕೇಳುಗರಿಂದ ಸ್ಟ್ರೀಮಿಂಗ್ ಮೂಲಕ ಬರುವ ಆದಾಯ ಜೀವನಕ್ಕೆ ಸಾಲುವುದಿಲ್ಲ, ಅದರ ಹತ್ತಿರಕ್ಕೂ ಬರುವುದಿಲ್ಲ. ಅದರ ಲೆಕ್ಕಾಚಾರವನ್ನು ನೀವು ತಿಳಿದಿರಬೇಕು. ಚಂದಾದಾರರೂ ಜಾಹೀರಾತುದಾರರೂ ಕೊಟ್ಟ ಹಣವೆಲ್ಲ ಒಂದು ರಾಶಿಯಾಗಿ ಸೇರುತ್ತದೆ. ಸ್ಪಾಟಿಫೈನಂಥ ಸೇವೆಗಳಲ್ಲಿ ಅದರ ಸುಮಾರು ಮೂರನೆಯ ಎರಡು ಭಾಗ ಹಕ್ಕುದಾರರಿಗೆ ಹೋಗುತ್ತದೆ. ಆ ಭಾಗವನ್ನು ಎಲ್ಲ ಹಾಡುಗಳನ್ನೂ ಜನ ಒಟ್ಟು ಎಷ್ಟು ಸಲ ಕೇಳಿದರೋ ಅದರಲ್ಲಿ ಯಾರ ಪಾಲು ಎಷ್ಟು ಎಂಬುದನ್ನು ನೋಡಿ ಹಂಚುತ್ತಾರೆ. ಹೀಗಾಗಿ ನೀವು ತಿಂಗಳಿಡೀ ನಿಮ್ಮ ತಂಗಿಯ ಹಾಡನ್ನಷ್ಟೇ ಕೇಳಿದರೂ ನಿಮ್ಮ ಚಂದಾ ಹಣದ ಬಹುಪಾಲು ಕೋಟಿಗಟ್ಟಲೆ ಕೇಳುಗರಿರುವ ಬೇರೆಯವರಿಗೇ ಸೇರುತ್ತದೆ. ಅದರ ಮೇಲೆ, ಹಿಂದಿನ 12 ತಿಂಗಳಲ್ಲಿ ಕನಿಷ್ಠ 1,000 ಸಲ ಕೇಳಿಸಿಕೊಳ್ಳದ ಹಾಡಿಗೆ ಧ್ವನಿಮುದ್ರಣದ ರಾಯಧನವನ್ನೇ ಕೊಡುವುದಿಲ್ಲ ಎಂಬ ನಿಯಮವನ್ನು ಸ್ಪಾಟಿಫೈ 2024ರಿಂದ ಜಾರಿಗೆ ತಂದಿದೆ. ನಿಮ್ಮ ತಂಗಿಯ ಕೆಲವು ಹಾಡುಗಳು ಈ ಗೆರೆಯ ಕೆಳಗೇ ಉಳಿದಿರಬಹುದು. ಈ ಏರ್ಪಾಡು ಚಿಕ್ಕ ಗಾಯಕರಿಗೆ ನ್ಯಾಯವಾಗಿಲ್ಲ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ.

ನೇರ ಮಾರಾಟದಲ್ಲಿ ಲೆಕ್ಕ ಬೇರೆ. ಗಾಯಕರು ಕೇಳುಗರಿಗೆ ನೇರವಾಗಿ ಹಾಡು ಮಾರಲು 2008ರಲ್ಲಿ ಆರಂಭವಾದ ಜಾಲತಾಣ ಬ್ಯಾಂಡ್‌ಕ್ಯಾಂಪ್‌ನಲ್ಲಿ ಡಿಜಿಟಲ್ ಮಾರಾಟದ ಮೇಲೆ ಅವರು ಇಟ್ಟುಕೊಳ್ಳುವುದು ಶೇ 15. ವರ್ಷದ ಮಾರಾಟ 5,000 ಡಾಲರ್ ದಾಟಿದರೆ ಶೇ 10. ಪಾವತಿಯ ಶುಲ್ಕ ಕಳೆದು ಉಳಿದದ್ದು ಹಾಡಿದವರಿಗೆ. ಇದರ ಜೊತೆಗೆ ಕಾರ್ಯಕ್ರಮಗಳ ಸಂಭಾವನೆ, ಅಲ್ಲೇ ಮಾರುವ ಧ್ವನಿಮುದ್ರಿಕೆ, ಬೇರೆಯವರಿಗೆ ಹಾಡು ಬರೆದುಕೊಡುವುದು, ಪಾಠ ಹೇಳುವುದು, ತಿಂಗಳು ತಿಂಗಳು ಸಣ್ಣ ಮೊತ್ತ ಕೊಡುವ ಪೋಷಕರು ಇವೆಲ್ಲ ಸೇರಿದರೆ ಒಂದು ಆದಾಯ ರೂಪುಗೊಳ್ಳುತ್ತದೆ. ತಂತ್ರಜ್ಞಾನದ ಬಗ್ಗೆ ಬರೆಯುವ ಕೆವಿನ್ ಕೆಲ್ಲಿ 2008ರಲ್ಲಿ ಒಂದು ಲೆಕ್ಕ ಮುಂದಿಟ್ಟರು: ವರ್ಷಕ್ಕೆ ತಲಾ 100 ಡಾಲರಿನಷ್ಟು ಲಾಭ ತಂದುಕೊಡುವ 1,000 ನಿಷ್ಠ ಅಭಿಮಾನಿಗಳಿದ್ದರೆ ಕಲಾವಿದರೊಬ್ಬರು ಬದುಕಬಲ್ಲರು ಎಂದು. ಈ ಲೆಕ್ಕದ ದಿಕ್ಕು ಸರಿಯಾಗಿದೆ ಎಂದು ನನಗೆ ಅನ್ನಿಸುತ್ತದೆ, ಆದರೆ ಅಂಥ ಸಾವಿರ ಜನರನ್ನು ಗಳಿಸಲು ಹತ್ತು ವರ್ಷ ಹಿಡಿಯಬಹುದು ಎಂಬುದನ್ನು ಅದರೊಡನೆ ಸೇರಿಸಿಯೇ ಓದಬೇಕು. 2012ರಲ್ಲಿ ಅಮೆರಿಕದ ಗಾಯಕಿ ಅಮಾಂಡ ಪಾಮರ್ ಸುಮಾರು 25 ಸಾವಿರ ಜನರಿಂದ ಆಲ್ಬಮ್‌ಗಾಗಿ 12 ಲಕ್ಷ ಡಾಲರಿನಷ್ಟು ಸಂಗ್ರಹಿಸಿದ್ದನ್ನು ಎಲ್ಲರೂ ಹೇಳುತ್ತಾರೆ. ಅದಕ್ಕೆ ಮೊದಲು ಅವರು ಬೀದಿಯಲ್ಲಿ ಜೀವಂತ ಪ್ರತಿಮೆಯಾಗಿ ನಿಂತು ನಾಣ್ಯಗಳಿಂದ ಬದುಕು ಸಾಗಿಸಿದ್ದನ್ನೂ, ವರ್ಷಾನುಗಟ್ಟಲೆ ಊರೂರು ತಿರುಗಿ ಹಾಡಿದ್ದನ್ನೂ ಜೊತೆಗೇ ಹೇಳಬೇಕು.

ಅರೆಕಾಲಿಕ ಕೆಲಸವನ್ನು ಉಳಿಸಿಕೊಂಡಿರುವುದು ನಿಮ್ಮ ತಂಗಿಯ ವಿವೇಕ. ಅದನ್ನು ಅರ್ಧ ಮನಸ್ಸಿನ ಲಕ್ಷಣವೆಂದು ದಯವಿಟ್ಟು ಓದಬೇಡಿ. ಅಮೆರಿಕದ ಗಾಯಕ ಬಿಲ್ ವಿದರ್ಸ್ ತಮ್ಮ ಮೊದಲ ಆಲ್ಬಮ್ ಬಂದ 1971ರಲ್ಲಿ ವಿಮಾನದ ಶೌಚಾಲಯದ ಬಿಡಿಭಾಗಗಳನ್ನು ತಯಾರಿಸುವ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಿದ್ದರು. ಸಂಗೀತದ ವ್ಯಾಪಾರವನ್ನು ನಂಬಲಾಗದು ಎಂದು ಆ ಕೆಲಸವನ್ನು ಕೂಡಲೇ ಬಿಡಲೂ ಇಲ್ಲ. ಮುಂದೆ ಖ್ಯಾತಿಯ ನಡುವೆಯೂ ಕಂಪನಿಯೊಡನೆ ಹಾಡುಗಳ ವಿಷಯಕ್ಕೆ ತಿಕ್ಕಾಟ ಬೆಳೆದು, 1985ರ ಆಲ್ಬಮ್ ನಂತರ ಅವರು ಆ ವ್ಯಾಪಾರದಿಂದಲೇ ಹೊರನಡೆದರು. ಸಂಬಳ ಬರುವ ಕೆಲಸ ಹಾಡಿಗೆ ಕೊಡುವ ದೊಡ್ಡ ಉಪಕಾರವೆಂದರೆ, ‘ಈ ತಿಂಗಳ ಬಾಡಿಗೆಗಾಗಿ ಇದನ್ನು ಇಂದೇ ಮುಗಿಸು’ ಎಂಬ ಒತ್ತಡವನ್ನು ಅದು ಹಾಡಿನ ತಲೆಯ ಮೇಲಿನಿಂದ ಇಳಿಸುತ್ತದೆ.

ಕಂಪನಿಗೆ ಒಲ್ಲೆ ಎಂದದ್ದು ಸರಿಯೇ ಎಂಬುದನ್ನು ಒಪ್ಪಂದದ ಕಾಗದ ನೋಡದೆ ನಾನು ಹೇಳಲಾರೆ. ಆದರೆ ಆ ಕಾಗದದಲ್ಲಿ ಸಾಮಾನ್ಯವಾಗಿ ಏನಿರುತ್ತದೆ ಎಂಬುದನ್ನು ಹೇಳಬಲ್ಲೆ. ಒಂದು ಹಾಡಿನಲ್ಲಿ ಎರಡು ಬೇರೆ ಬೇರೆ ಆಸ್ತಿಗಳಿವೆ. ಸಾಹಿತ್ಯ ಮತ್ತು ರಾಗ ಸೇರಿದ ರಚನೆ ಒಂದು, ಆ ರಚನೆಯನ್ನು ಹಾಡಿ ಮುದ್ರಿಸಿದ ಧ್ವನಿಮುದ್ರಣ, ಅಂದರೆ ಮಾಸ್ಟರ್, ಇನ್ನೊಂದು. 1886ರ ಬರ್ನ್ ಒಡಂಬಡಿಕೆಯ ತತ್ವವನ್ನು ಅನುಸರಿಸುವ ದೇಶಗಳಲ್ಲೆಲ್ಲ ರಚನೆಯ ಹಕ್ಕು, ನೋಂದಣಿ ಮಾಡಿಸದಿದ್ದರೂ, ರಚಿಸಿದವರಿಗೆ ತಾನಾಗಿ ದೊರೆಯುತ್ತದೆ. ಕಂಪನಿಗಳು ಹಣ ಹೂಡಿದಾಗ ಹೆಚ್ಚಾಗಿ ಕೇಳುವುದು ಮಾಸ್ಟರನ್ನು. ಕೆಲವು ಒಪ್ಪಂದಗಳು ರಚನೆಯ ಹಕ್ಕಿನ ಮೇಲೂ ಕೈಯಿಡುತ್ತವೆ. ಇವೆರಡರ ವ್ಯತ್ಯಾಸ ಎಷ್ಟು ಮುಖ್ಯ ಎಂಬುದನ್ನು ಟೇಲರ್ ಸ್ವಿಫ್ಟ್ ಅವರ ಪ್ರಕರಣ ಜಗತ್ತಿಗೇ ತೋರಿಸಿತು. ಅವರ ಮೊದಲ ಆರು ಆಲ್ಬಮ್‌ಗಳ ಮಾಸ್ಟರ್‌ಗಳು ಬೇರೆಯವರ ಕೈ ಸೇರಿದ್ದವು, ಆದರೆ ಹಾಡುಗಳನ್ನು ಬರೆದವರಾಗಿ ರಚನೆಯ ಮೇಲೆ ಅವರಿಗೆ ಹಿಡಿತವಿತ್ತು. ಆ ಬಲದಿಂದ 2021ರಿಂದ ಹಳೆಯ ಆಲ್ಬಮ್‌ಗಳನ್ನು ಒಂದೊಂದಾಗಿ ಹೊಸದಾಗಿ ಹಾಡಿ ಬಿಡುಗಡೆ ಮಾಡತೊಡಗಿದರು, 2025ರಲ್ಲಿ ಮೂಲ ಮಾಸ್ಟರ್‌ಗಳನ್ನೂ ಕೊಂಡುಕೊಂಡರು. ಬರೆಯದೆ ಬರೀ ಹಾಡಿದ್ದರೆ ಈ ದಾರಿ ಅವರಿಗೆ ಇಷ್ಟು ಸುಲಭವಾಗಿ ತೆರೆಯುತ್ತಿರಲಿಲ್ಲ.

ರಚನೆಕಾರರಿಗೆ ಹಣ ಸಲ್ಲಬೇಕು ಎಂಬ ಮಾತಿನ ಹಿಂದೆ ನನಗೆ ಬಹಳ ಪ್ರಿಯವಾದ ಒಂದು ಪ್ರಸಂಗವಿದೆ. 1847ರಲ್ಲಿ ಅರ್ನೆಸ್ಟ್ ಬೂರ್ಜೆ ಎಂಬ ಗೀತರಚನಕಾರ ಪ್ಯಾರಿಸ್ಸಿನ ಒಂದು ಕೆಫೆಯಲ್ಲಿ ಕುಳಿತಿದ್ದಾಗ ಅಲ್ಲಿನ ವಾದ್ಯಗಾರರು ಅವನದೇ ರಚನೆಯನ್ನು ನುಡಿಸತೊಡಗಿದರು. ನೀವು ನನ್ನ ಹಾಡಿಗೆ ಹಣ ಕೊಡುವುದಿಲ್ಲವೆಂದ ಮೇಲೆ ನಿಮ್ಮ ಪಾನೀಯಕ್ಕೆ ನಾನೂ ಕೊಡುವುದಿಲ್ಲ ಎಂದು ಅವನು ಎದ್ದುನಿಂತ. ವ್ಯಾಜ್ಯ ನ್ಯಾಯಾಲಯಕ್ಕೆ ಹೋಗಿ ಅವನು ಗೆದ್ದ. 1851ರಲ್ಲಿ ರಚನೆಕಾರರ ಪರವಾಗಿ ರಾಯಧನ ಸಂಗ್ರಹಿಸುವ ‘ಸಾಸೆಮ್’ ಎಂಬ ಸಂಸ್ಥೆ ಹುಟ್ಟಿತು, ಅದು ಇಂದಿಗೂ ಇದೆ. ಇಂಥ ಸಂಸ್ಥೆಗಳು ಈಗ ಹಲವಾರು ದೇಶಗಳಲ್ಲಿವೆ. ನಿಮ್ಮ ತಂಗಿ ತಮಗೆ ಅನ್ವಯಿಸುವ ಸಂಸ್ಥೆಯಲ್ಲಿ ಸದಸ್ಯತ್ವ ಪಡೆದಿದ್ದಾರೆಯೇ, ಜೊತೆಗೆ ನುಡಿಸಿದವರೊಡನೆ ಯಾರ ಪಾಲು ಎಷ್ಟು ಎಂಬುದನ್ನು ಕಾಗದದ ಮೇಲೆ ಬರೆದು ಸಹಿ ಮಾಡಿಸಿಕೊಂಡಿದ್ದಾರೆಯೇ ಎಂದು ವಿಚಾರಿಸಿ. ಸ್ನೇಹಿತರ ನಡುವೆ ಇದೆಲ್ಲ ಏಕೆ ಎಂದು ಬಿಟ್ಟವರು ಮುಂದೆ ಸ್ನೇಹವನ್ನೂ ಹಾಡನ್ನೂ ಕಳೆದುಕೊಂಡದ್ದನ್ನು ನಾನು ಕಂಡಿದ್ದೇನೆ.

ಅವರು ಸುಖವಾಗಿದ್ದಾರೆಯೇ ಎಂಬ ನಿಮ್ಮ ಆತಂಕ ನನಗೆ ಅರ್ಥವಾಗುತ್ತದೆ. ಕೇಳುವವರಿಲ್ಲದ ಹಾಡು ಮನುಷ್ಯರನ್ನು ಸವೆಸುವುದುಂಟು. ಬ್ರಿಟನ್ನಿನ ಗಾಯಕಿ ವಾಶ್ಟಿ ಬನಿಯನ್ 1970ರಲ್ಲಿ ಹೊರತಂದ ಆಲ್ಬಮ್ ಯಾರ ಗಮನಕ್ಕೂ ಬರದೆ ಹೋದಾಗ ಅವರು ಹಾಡುವುದನ್ನೇ ಬಿಟ್ಟರು; ಮೂವತ್ತು ವರ್ಷಗಳ ನಂತರ, 2000ದಲ್ಲಿ ಅದು ಮರುಮುದ್ರಣವಾಗಿ ಹೊಸ ತಲೆಮಾರಿನ ಮನಗೆದ್ದ ಮೇಲೆ, 2005ರಲ್ಲಿ ಎರಡನೆಯ ಆಲ್ಬಮ್ ಬಂತು. ಅಮೆರಿಕದ ಕಾನಿ ಕಾನ್ವರ್ಸ್ 1950ರ ದಶಕದಲ್ಲಿ ಒಬ್ಬರೇ ಗಿಟಾರ್ ಹಿಡಿದು ಬರೆದು ಹಾಡಿದ ಅಪೂರ್ವ ಹಾಡುಗಳು ಬಹುಮಟ್ಟಿಗೆ ಅವರ ಸ್ನೇಹಿತರ ಬಳಗದಲ್ಲೇ ಉಳಿದವು. 1974ರಲ್ಲಿ ಅವರು ಮನೆ ಬಿಟ್ಟು ಹೊರಟವರು ಮತ್ತೆ ಸಿಗಲಿಲ್ಲ. ಆ ಹಾಡುಗಳು ಆಲ್ಬಮ್ ಆಗಿ ಬಂದದ್ದು 2009ರಲ್ಲಿ. ಮುಂದೆಂದೋ ಜನ ಗುರುತಿಸುತ್ತಾರೆ ಎಂಬ ಸಮಾಧಾನಕ್ಕೆ ಇಂಥ ಕಥೆಗಳನ್ನು ಬಳಸುವುದು ನನಗೆ ಸರಿಬರುವುದಿಲ್ಲ. ಹಾಡುವವರಿಗೆ ಕೇಳುವವರು ಬೇಕಾದದ್ದು ಬದುಕಿರುವಾಗ, ಹಾಡು ಹೊಸದಾಗಿರುವಾಗ. ಹತ್ತು ಜನರಾದರೂ ಸಾಕು, ಆದರೆ ಆ ಹತ್ತು ಜನ ಎದುರಿಗೆ ಇರಬೇಕು.

ಹಾಗಾಗಿ ಗಮನಿಸಬೇಕಾದ ಕೆಲವು ಸಂಗತಿಗಳನ್ನು ಹೇಳುತ್ತೇನೆ. ಹಾಡು ಕಟ್ಟಲು ಎಷ್ಟು ತಿಂಗಳು ಹಿಡಿದರೂ ಚಿಂತೆಯಿಲ್ಲ, ಆದರೆ ಮುಗಿದ ಹಾಡನ್ನು ಯಾರಿಗೂ ಕೇಳಿಸದೆ ಇಟ್ಟುಕೊಳ್ಳತೊಡಗಿದರೆ ಚಿಂತಿಸಬೇಕು. ಒಂದು ಪದಕ್ಕಾಗಿ ನಿದ್ದೆಗೆಡುವುದು ಈ ಕೆಲಸದಲ್ಲಿ ಇದ್ದದ್ದೇ. ಸಂಖ್ಯೆಗಾಗಿ ನಿದ್ದೆಗೆಡುವುದು ದಿನನಿತ್ಯದ ಮಾತಾದರೆ ಅವರೊಡನೆ ಕುಳಿತು ಮಾತನಾಡಬೇಕು. ಊಟ, ನಿದ್ದೆ, ಜನರೊಡನೆ ಬೆರೆಯುವುದು ವಾರಗಟ್ಟಲೆ ಕುಸಿದರೆ ಅದನ್ನು ಕಲಾವಿದರ ಸ್ವಭಾವ ಎಂದು ಕಡೆಗಣಿಸದೆ ವೈದ್ಯರ ಬಳಿ ಕರೆದೊಯ್ಯಬೇಕು. ದುಃಖದಿಂದಲೇ ಒಳ್ಳೆಯ ಹಾಡು ಹುಟ್ಟುತ್ತದೆ ಎಂಬ ನಂಬಿಕೆಯನ್ನು ನಾನು ಒಪ್ಪುವುದಿಲ್ಲ. ತಾಯಿಯ ಹಾಡು ಬರೆದ ಆ ಗಾಯಕಿ ದುಃಖದಲ್ಲಿದ್ದರು ನಿಜ, ಆದರೆ ಸಾಲನ್ನು ಸರಿಪಡಿಸಿದ್ದು ಅವರ ಕಿವಿ ಮತ್ತು ತಾಳ್ಮೆ. ದುಃಖ ಹೆಚ್ಚಾಗಿದ್ದ ತಿಂಗಳುಗಳಲ್ಲಿ ಪೆನ್ನು ಹಿಡಿಯಲೂ ಆಗಿರಲಿಲ್ಲ ಎಂದು ಅವರೇ ಹೇಳಿದ್ದರು.

ಇನ್ನು ನೀವು ಏನು ಹೇಳಬೇಕು? ‘ಚೆನ್ನಾಗಿದೆ’ ಎಂಬ ಒಂದೇ ಮಾತು ಮನೆಯವರಿಂದ ಅವರು ಬಹಳ ಸಲ ಕೇಳಿರುತ್ತಾರೆ, ಅದರಿಂದ ಅವರಿಗೆ ಏನೂ ಸಿಗುವುದಿಲ್ಲ. ‘ಯಾವಾಗ ಹೆಸರು ಬರುತ್ತದೆ’ ಎಂದು ಕೇಳಿದರೆ ಹಾಡು ಕಟ್ಟುವ ಮೇಜಿನಿಂದ ಅವರನ್ನು ಎಬ್ಬಿಸಿದಂತೆ. ಹೊಸ ಹಾಡನ್ನು ಮುಗಿಯುವ ಮೊದಲೇ ಒಮ್ಮೆ ಕೇಳಿಸು ಎನ್ನಿ. ಫೋನನ್ನು ದೂರವಿಟ್ಟು, ಸಾಧ್ಯವಾದರೆ ಎರಡು ಸಲ ಕೇಳಿ. ನಿಮಗೆ ಯಾವ ಪದ ಸರಿಯಾಗಿ ಕೇಳಿಸಲಿಲ್ಲವೋ ಅದನ್ನು ಮಾತ್ರ ಹೇಳಿ. ನಿಮ್ಮ ಕಿವಿಗೆ ‘ಮಡಿಲ’ ಎಂಬುದು ‘ಮಾಡಿಲ್ಲ’ ಎಂದು ಕೇಳಿಸಿದ್ದರೆ ಆ ಒಂದು ಮಾತು ಅವರಿಗೆ ಹನ್ನೊಂದು ದಿನ ಉಳಿಸಬಹುದು. ಆಮೇಲೆ, ಇದರಲ್ಲಿ ನಿನಗೆ ಇನ್ನೂ ಒಪ್ಪಿಗೆಯಾಗದ ಸಾಲು ಯಾವುದು ಎಂದು ಕೇಳಿ, ಅವರು ಹೇಳುವಷ್ಟು ಹೊತ್ತು ಪಕ್ಕದಲ್ಲಿ ಕುಳಿತಿರಿ.